ಫಲಕ ಕೊಳ್ಳುವ ಮೊದಲು

(ವಾರ್ಷಿಕ ಸಭೆಯಲ್ಲಿ ಡಿಜಿಟಲ್ ಸೂಚನಾ ಫಲಕ ಸಮಿತಿಯ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ಈಗಷ್ಟೇ ಓದಿದ ವರದಿಯಲ್ಲಿ ‘ಡಿಜಿಟಲ್ ಸೂಚನಾ ಫಲಕ: ವಿನ್ಯಾಸ ಹಂತದಲ್ಲಿದೆ’ ಎಂಬ ಒಂದು ಸಾಲು ಇತ್ತು. ಸಮಿತಿ ರಚನೆಯಾಗಿ ತಿಂಗಳುಗಳು ಕಳೆದರೂ ಗೋಡೆಯ ಮೇಲೆ ಇನ್ನೂ ಯಾವ ಪರದೆಯೂ ಬಂದಿಲ್ಲ. ‘ಅಂಗಡಿಗೆ ಹೋಗಿ ಒಂದು ದೊಡ್ಡ ಟಿವಿ ತಂದರೆ ಆಯಿತಲ್ಲ, ಇದರಲ್ಲಿ ವಿನ್ಯಾಸ ಅಂತ ಏನಿದೆ?’ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಸಮಿತಿಯ ಕರ್ತವ್ಯ. ಇದರ ಜೊತೆಗೆ ನಿಮ್ಮ ಒಪ್ಪಿಗೆ ಬೇಕಾದ ಒಂದು ತೀರ್ಮಾನವೂ ಇದೆ. ಮೊದಲು ಇಲ್ಲಿಯವರೆಗಿನ ಕೆಲಸ ಹೇಳಿ, ನಂತರ ಅದಕ್ಕೆ ಬರುತ್ತೇವೆ.

ಫಲಕ ಯಾಕೆ ಬೇಕಾಯಿತು? ಕಚೇರಿಯ ಬಾಗಿಲ ಪಕ್ಕದ ನೋಟಿಸ್ ಬೋರ್ಡನ್ನು ನೀವೆಲ್ಲ ನೋಡಿದ್ದೀರಿ. ಕಾಗದದ ಮೇಲೆ ಕಾಗದ ಅಂಟಿಸಿರುತ್ತೇವೆ. ಹೊಸ ಪ್ರಕಟಣೆಯ ಅಡಿಯಿಂದ ಹೋದ ವರ್ಷದ ಪ್ರಕಟಣೆಯ ತುದಿ ಇಣುಕುತ್ತಿರುತ್ತದೆ. ಈಗ ವಿದ್ಯಾರ್ಥಿವೇತನವೆಂದರೆ ಒಂದೇ ಅರ್ಜಿಯ ಕೆಲಸವಾಗಿ ಉಳಿದಿಲ್ಲ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಒಂದು, ಕೇಂದ್ರದ ಎನ್‌ಎಸ್‌ಪಿ ಇನ್ನೊಂದು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲ ಮತ್ತೊಂದು. ಅವುಗಳ ಜೊತೆಗೆ ನಮ್ಮ ಟ್ರಸ್ಟಿನದು. ಒಂದೊಂದಕ್ಕೂ ಬೇರೆ ಕೊನೆಯ ದಿನಾಂಕ, ಬೇರೆ ಬೇರೆ ದಾಖಲೆ. ದಿನಾಂಕ ಒಮ್ಮೊಮ್ಮೆ ಮುಂದಕ್ಕೂ ಹೋಗುತ್ತದೆ. ಆ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ಹೊತ್ತಿಗೆ ಹೋದ ವರ್ಷದ್ದೂ ಈ ವರ್ಷದ್ದೂ ಕಲಸಿಹೋಗಿರುತ್ತದೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದ ತಾಯಿಗೆ ‘ನಿನ್ನೆಗೇ ಮುಗೀತಮ್ಮ’ ಎಂದು ಹೇಳುವುದಿದೆಯಲ್ಲ, ಈ ಕಚೇರಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ಹಾಗೆ ಹೇಳಬೇಕಾದ ಸಂದರ್ಭಗಳು ಕಡಿಮೆಯಾಗಬೇಕು. ಈ ಫಲಕದ ಉದ್ದೇಶ ಅದೊಂದೇ. ಕಚೇರಿಯ ಅಂದ ಹೆಚ್ಚಿಸುವುದು ನಮ್ಮ ಪಟ್ಟಿಯಲ್ಲಿ ಇಲ್ಲ.

ಉದ್ದೇಶ ಇಷ್ಟು ಸ್ಪಷ್ಟವಾದ ಮೇಲೆ ಪರದೆಯ ಅಳತೆಗಿಂತ ಮೊದಲು ನಾವು ಗಮನಿಸಿದ್ದು ಜನರನ್ನು. ಕಚೇರಿಗೆ ಬಂದವರು ಎಲ್ಲಿ ನಿಲ್ಲುತ್ತಾರೆ, ಯಾವ ಕಡೆ ಮುಖ ಮಾಡುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನು ಕೆಲವು ದಿನ ಸರದಿಯ ಮೇಲೆ ಕೂತು ನೋಡಿದೆವು. ಗಂಡಸರು ಹೆಚ್ಚಾಗಿ ಮೇಜಿನ ಬಳಿಗೆ ನೇರವಾಗಿ ಹೋಗುತ್ತಾರೆ. ಹೆಂಗಸರು ಮತ್ತು ಹೆಣ್ಣುಮಕ್ಕಳು ಎದುರು ಗೋಡೆಗೆ ಹಾಕಿದ ಬೆಂಚಿನಲ್ಲಿ ಕೂರುತ್ತಾರೆ. ಮೇಜಿನ ಬಳಿ ಜನ ಕರಗುವ ತನಕ ಅವರು ಏಳುವುದಿಲ್ಲ. ನೋಟಿಸ್ ಬೋರ್ಡು ಇರುವುದು ಬಾಗಿಲ ಪಕ್ಕದಲ್ಲಿ, ಅಂದರೆ ಅವರ ಬೆನ್ನ ಹಿಂದೆ. ಯಾರು ಹೆಚ್ಚು ಹೊತ್ತು ಕಾಯುತ್ತಾರೋ ಅವರಿಗೇ ಬೋರ್ಡು ಕಾಣುತ್ತಿರಲಿಲ್ಲ. ಹೀಗಾಗಿ ಪರದೆ ಬರಬೇಕಾದದ್ದು ಬೆಂಚಿನ ಎದುರು ಗೋಡೆಗೆ ಎಂಬುದು ಮೊದಲ ತೀರ್ಮಾನ. ಬೆಂಚಿನಿಂದ ಆ ಗೋಡೆಗೆ ಇಪ್ಪತ್ತು ಅಡಿ.

ಇಪ್ಪತ್ತು ಅಡಿ ಎಂದ ಕೂಡಲೇ ನಮ್ಮಂಥ ನಿವೃತ್ತ ಶಿಕ್ಷಕರಿಗೆ ಕೊನೆಯ ಬೆಂಚು ನೆನಪಾಗುತ್ತದೆ. ಬಿ.ಎಡ್. ಓದುವಾಗ ಕಪ್ಪುಹಲಗೆಯ ಬರವಣಿಗೆಯನ್ನು ಒಂದು ಪ್ರತ್ಯೇಕ ಕೌಶಲವೆಂದೇ ಕಲಿಸುತ್ತಿದ್ದರು. ಪಾಠ ಮುಗಿದ ಮೇಲೆ ಕೊನೆಯ ಸಾಲಿಗೆ ಹೋಗಿ ನಿಂತು ನಮ್ಮ ಅಕ್ಷರ ನಾವೇ ಓದಬೇಕಿತ್ತು. ಡಿಜಿಟಲ್ ಫಲಕಕ್ಕೂ ನಿಯಮ ಅದೇ. ಬೋರ್ಡು ಬರೆಯುವವರಲ್ಲಿ ರೂಢಿಯಲ್ಲಿರುವ ಒಂದು ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರವಿದ್ದರೆ ಆರಾಮವಾಗಿ ಓದಬಹುದು. ನಮ್ಮ ಇಪ್ಪತ್ತು ಅಡಿಗೆ ಎರಡು ಅಂಗುಲ. ಆದರೆ ಆ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಗಳನ್ನು ನೋಡಿ ಮಾಡಿದ್ದು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತಕ್ಷರ ಬರುತ್ತದೆ. ಮೂಲ ಅಕ್ಷರ ಎರಡು ಅಂಗುಲವಾದರೆ, ಒತ್ತು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ತಾಗದಂತೆ ಒಂದು ಸಾಲಿಗೆ ನಾಲ್ಕು ಅಂಗುಲದಷ್ಟು ಜಾಗ ಬಿಡಬೇಕು.

ಈಗ ಪರದೆಯ ಅಳತೆಗೆ ಬನ್ನಿ. ಅಂಗಡಿಯವರು 55 ಇಂಚು ಎನ್ನುವುದು ಮೂಲೆಯಿಂದ ಮೂಲೆಗೆ. 16ಕ್ಕೆ 9ರ ಅನುಪಾತದಲ್ಲಿ ಅದರ ಅಗಲ 48 ಅಂಗುಲ, ಎತ್ತರ 27 ಅಂಗುಲ. 27 ಅಂಗುಲದಲ್ಲಿ ನಾಲ್ಕು ಅಂಗುಲದ ಸಾಲುಗಳು ಎಷ್ಟು? ಆರು. ಅಂಚು ಬಿಟ್ಟರೆ ಐದು. ಒಂದು ಸಾಲಿಗೆ ನಾಲ್ಕೈದು ಪದ ಹಿಡಿದರೆ ಹೆಚ್ಚು. ಅಂದರೆ ಲಕ್ಷಣವಾಗಿ ಓದಿಸಿಕೊಳ್ಳುವ ಹಾಗಿದ್ದರೆ ಒಂದು ಪರದೆಯಲ್ಲಿ ಇಪ್ಪತ್ತು ಪದಗಳಿಗೆ ಜಾಗವಿದೆ. ನಮ್ಮ ವಿದ್ಯಾರ್ಥಿವೇತನದ ಪ್ರಕಟಣೆ ಒಂದೂವರೆ ಪುಟ ಇರುತ್ತದೆ. ಅದನ್ನು ಹಾಗೆಯೇ ಪರದೆಗೆ ಹಾಕಿದರೆ ಬೆಂಚಿನಲ್ಲಿ ಕೂತವರಿಗೆ ಇರುವೆ ಸಾಲು ಕಂಡಂತೆ ಕಾಣುತ್ತದೆ. ಬೇರೆ ಕಚೇರಿಗಳಲ್ಲಿ ಬೆಳಗುವ ಪರದೆಯ ಮುಂದೆ ನಿಂತು ‘ಇಲ್ಲಿ ಏನು ಬರೆದಿದೆ?’ ಎಂದು ಪಕ್ಕದವರನ್ನು ಕೇಳುವ ಜನರನ್ನು ನೀವೂ ನೋಡಿರಬೇಕು.

ಆದ್ದರಿಂದ ಇಪ್ಪತ್ತು ಪದಗಳಲ್ಲಿ ಏನು ಉಳಿಯಬೇಕು ಎಂಬ ಪ್ರಶ್ನೆಗೆ ನಾವು ಹೆಚ್ಚು ಸಮಯ ಕೊಟ್ಟೆವು. ‘ಆದರಣೀಯರೇ’ ಹೋಯಿತು. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಹೋಯಿತು. ಅಧ್ಯಕ್ಷರ, ಕಾರ್ಯದರ್ಶಿಗಳ ಹೆಸರುಗಳೂ ಹೋದವು. ಇಬ್ಬರೂ ನಗುತ್ತಲೇ ಒಪ್ಪಿದರು. ಕೊನೆಗೆ ಉಳಿದದ್ದು ಐದು ಸಾಲು: ಯಾವ ವಿದ್ಯಾರ್ಥಿವೇತನ, ಯಾವ ತರಗತಿಯವರಿಗೆ, ಕೊನೆಯ ದಿನಾಂಕ, ತರಬೇಕಾದ ಕಾಗದ, ಯಾರನ್ನು ಕೇಳಬೇಕು. ಮಿಕ್ಕದ್ದೆಲ್ಲ ಮೇಜಿನ ಮೇಲಿನ ಕರಪತ್ರದಲ್ಲಿ ಇರುತ್ತದೆ. ಆ ಐದನೆಯ ಸಾಲನ್ನು ತೆಗೆದುಬಿಡಿ, ಜಾಗ ಉಳಿಯುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ಓದಲು ಬಾರದವರೂ, ಕಣ್ಣು ಮಂಜಾದವರೂ ಇಲ್ಲಿಗೆ ಬರುತ್ತಾರೆ. ‘ಸಂಶಯವಿದ್ದರೆ ಮೇಜಿನ ಬಳಿ ಕೇಳಿ’ ಎಂಬ ಸಾಲು ಮೇಜಿನ ಹಿಂದೆ ಕೂತವರಿಗೆ ಕೂಡ ಎಚ್ಚರಿಕೆ: ಪರದೆ ಬಂದಿತೆಂದು ಅವರು ಎದ್ದು ಹೋಗುವಂತಿಲ್ಲ.

ಭಾಷೆಯ ವಿಚಾರದಲ್ಲಿ ಮೊದಲಿಗೆ ಭಿನ್ನಾಭಿಪ್ರಾಯ ಇತ್ತು. ಉರ್ದು ಶಾಲೆಯಲ್ಲಿ ಕಲಿತ ಹಿರಿಯರಿದ್ದಾರೆ, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ, ಮನೆಯಲ್ಲಿ ಬೇರೆಯೇ ಮಾತನಾಡುವವರೂ ಇದ್ದಾರೆ. ಬಾಗಿಲ ಮೇಲಿನ ಹೆಸರಿನ ಬೋರ್ಡಿನ ಮಟ್ಟಿಗೆ ಕಾನೂನೇ ದಾರಿ ತೋರಿಸಿದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಇರಬೇಕು. ಆ ಪಟ್ಟಿಯಲ್ಲಿ ಅಂಗಡಿ, ಆಸ್ಪತ್ರೆಗಳ ಜೊತೆ ಟ್ರಸ್ಟುಗಳ ಹೆಸರೂ ಇದೆ. ಒಳಗಿನ ಸೂಚನೆಯ ವಿಚಾರದಲ್ಲಿ ನಮಗೆ ಕಂಡದ್ದು ಇಷ್ಟು: ಅರ್ಜಿ ತುಂಬುವುದು ಮನೆಯ ಮಗು, ಆ ಮಗು ಓದುವುದು ಕನ್ನಡ. ಮೊದಲು ಕನ್ನಡ, ಅದರ ಹಿಂದೆಯೇ ಅದೇ ಸೂಚನೆ ಉರ್ದುವಿನಲ್ಲಿ.

ಎರಡನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಹಾಕಬಹುದಲ್ಲ ಎಂದು ಕೇಳಿದವರಿದ್ದಾರೆ. ಹಾಕಿ ನೋಡಿದೆವು, ಎರಡೂ ಸಣ್ಣದಾದವು. ಉರ್ದುವಿನ ನಸ್ತಾಲೀಖ್ ಬರಹ ಬಲದಿಂದ ಎಡಕ್ಕೆ ಹೋಗುತ್ತಾ ಪ್ರತಿ ಪದವೂ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಇಳಿಯುತ್ತದೆ. ಅದಕ್ಕೆ ಕನ್ನಡಕ್ಕಿಂತಲೂ ಹೆಚ್ಚು ಎತ್ತರದ ಸಾಲು ಬೇಕು. ಇಕ್ಕಟ್ಟಿಗೆ ತುರುಕಿದರೆ ಒಂದು ಸಾಲಿನ ಚುಕ್ಕೆ ಇನ್ನೊಂದು ಸಾಲಿನ ಅಕ್ಷರಕ್ಕೆ ಸೇರಿಕೊಂಡು ಪದವೇ ಬದಲಾಗುತ್ತದೆ. ಹೀಗಾಗಿ ಒಂದಾದ ಮೇಲೊಂದು ಎಂದೇ ನಿರ್ಧರಿಸಿದೆವು.

ದಿನಾಂಕದ ವಿಚಾರದಲ್ಲೂ ಒಂದು ಸೂಕ್ಷ್ಮವಿದೆ. ಉರ್ದು ಸಾಲಿನ ನಡುವೆ ದಿನ, ತಿಂಗಳು, ವರ್ಷವನ್ನು ಅಂಕಿಗಳಲ್ಲಿ ಅಡ್ಡಗೆರೆ ಹಾಕಿ ಬರೆದರೆ ಕಂಪ್ಯೂಟರು ಕೆಲವೊಮ್ಮೆ ಅವುಗಳ ಕ್ರಮವನ್ನು ಹಿಂದುಮುಂದು ಮಾಡುತ್ತದೆ. ಬರಹ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ ಹೋಗುವುದರಿಂದ ಆಗುವ ಗೊಂದಲ ಅದು. ಕನ್ನಡದಲ್ಲಿಯೂ 5-6 ಎಂದರೆ ಜೂನ್ ಐದೋ ಮೇ ಆರೋ ಎಂದು ಕೇಳುವವರು ಇದ್ದಾರೆ. ಆದ್ದರಿಂದ ಎರಡೂ ಭಾಷೆಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುವುದು, ಪಕ್ಕದಲ್ಲಿ ವಾರದ ಹೆಸರನ್ನೂ ಹಾಕುವುದು ಎಂದು ತೀರ್ಮಾನಿಸಿದೆವು. ಶುಕ್ರವಾರ ಎಂದರೆ ಯಾರೂ ಮರೆಯುವುದಿಲ್ಲ.

ಇನ್ನು ಅಕ್ಷರಗಳ ತಾಂತ್ರಿಕ ವಿಷಯ. ನಮ್ಮ ಕಚೇರಿಯ ಹಳೆಯ ಪ್ರಕಟಣೆಗಳೆಲ್ಲ ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಆಗಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಫಲಕಕ್ಕೆ ಹೋಗುವುದೆಲ್ಲ ಯೂನಿಕೋಡಿನಲ್ಲೇ ಟೈಪ್ ಆಗಬೇಕು. ಪರದೆ ಮಾರುವವರಿಗೆ ನಾವು ಒಂದು ಸಣ್ಣ ಪರೀಕ್ಷೆ ಇಟ್ಟಿದ್ದೇವೆ: ‘ವಿದ್ಯಾರ್ಥಿವೇತನ’ ಎಂಬ ಪದವನ್ನು ನಿಮ್ಮ ಸಾಧನದಲ್ಲಿ ತೋರಿಸಿ. ಅದರಲ್ಲಿ ಯಕಾರದ ಒತ್ತು ಇದೆ, ಅರ್ಕಾವೊತ್ತು ಇದೆ. ಕೆಲವು ಸಾಧನಗಳಲ್ಲಿ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಬಂದು ಕೂರುತ್ತದೆ. ತನ್ನ ಮುಖ್ಯ ಪದವನ್ನೇ ತಪ್ಪಾಗಿ ತೋರಿಸುವ ಫಲಕ ಶಾಲಾ ಮಕ್ಕಳ ಮುಂದೆ ಬೇಡ.

ಬಣ್ಣದ ವಿಷಯಕ್ಕೆ ಬರೋಣ. ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸಕ್ಕೆ ಒಂದು ಅಳತೆ ಇದೆ. ಕಪ್ಪಿನ ಮೇಲೆ ಬಿಳಿ ಬರೆದರೆ ಅದು 21ಕ್ಕೆ 1. ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಧಾರಣ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು ಎನ್ನುತ್ತದೆ. ಬಿಳಿಯ ಮೇಲೆ ಹಳದಿ ಬರೆದರೆ ಅದು ಒಂದೂಕಾಲನ್ನೂ ಮುಟ್ಟುವುದಿಲ್ಲ. ನಮ್ಮ ಬ್ಯಾನರುಗಳಲ್ಲಿ ಎಲ್ಲರಿಗೂ ಇಷ್ಟವಾದ ಎಳೆ ಹಸಿರು ಕೂಡ ಬಿಳಿಯ ಮೇಲೆ ನಿಲ್ಲುವುದಿಲ್ಲ. ಗಾಢ ಹಸಿರಿನ ಮೇಲೆ ಬಿಳಿ ಅಕ್ಷರ ಎಂದು ಆರಿಸಿಕೊಂಡೆವು. ಹಸಿರು ಉಳಿಯಿತು, ಓದಲಿಕ್ಕೂ ಬಂತು. ಹಾಗೆಯೇ ಅರ್ಜಿ ತೆರೆದಿದ್ದರೆ ಹಸಿರು ಚುಕ್ಕೆ, ಮುಗಿದಿದ್ದರೆ ಕೆಂಪು ಚುಕ್ಕೆ ಎಂಬ ಸಲಹೆಯನ್ನು ಕೈಬಿಟ್ಟೆವು. ಕೆಂಪು ಹಸಿರನ್ನು ಬೇರೆಬೇರೆಯಾಗಿ ಗುರುತಿಸಲಾಗದವರು ಇದ್ದಾರೆ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ‘ತೆರೆದಿದೆ’, ‘ಮುಗಿದಿದೆ’ ಎಂದು ಅಕ್ಷರದಲ್ಲೇ ಬರೆಯುತ್ತೇವೆ.

ಇಷ್ಟನ್ನೂ ನಾವು ಕಂಪ್ಯೂಟರಿನಲ್ಲಿ ಮಾಡಲಿಲ್ಲ. ಚಾರ್ಟ್ ಕಾಗದಗಳನ್ನು ಜೋಡಿಸಿ 48 ಅಂಗುಲಕ್ಕೆ 27 ಅಂಗುಲ ಕತ್ತರಿಸಿ ಎದುರು ಗೋಡೆಗೆ ಅಂಟಿಸಿದೆವು. ಅದರ ಮೇಲೆ ಸಾಲುಗಳನ್ನು ಬರೆದು ಬೆಂಚಿನಲ್ಲಿ ಕೂತವರನ್ನು ಓದಿಸಿದೆವು. ಸರಿಯಾಗದಿದ್ದಾಗ ಇನ್ನೊಂದು ಚಾರ್ಟ್. ವರದಿಯಲ್ಲಿ ಖರ್ಚಿನ ಅಂಕಿ ಚಿಕ್ಕದಾಗಿ ಕಾಣುವುದಕ್ಕೆ ಇದೇ ಕಾರಣ. ಕಾಗದದ ಮೇಲೆ ಹತ್ತು ಸಲ ತಿದ್ದಬಹುದು. ಪರದೆ ಗೋಡೆಗೆ ಏರಿ, ವೈರಿಂಗ್ ಆದ ಮೇಲೆ ‘ಇದು ಸಣ್ಣದಾಯಿತು, ಆ ಗೋಡೆಗೆ ಹಾಕಬೇಕಿತ್ತು’ ಎಂದರೆ ಅದಕ್ಕೆ ನೀವು ಕೊಟ್ಟ ಹಣವೇ ಹೋಗಬೇಕು.

ಆ ಚಾರ್ಟನ್ನು ಓದಿಸುವಾಗಲೇ ಸಮಯದ ಲೆಕ್ಕವೂ ಸಿಕ್ಕಿತು. ಐದನೇ ತರಗತಿಯ ಒಬ್ಬ ಹುಡುಗ ಐದು ಸಾಲುಗಳನ್ನು ನಿಧಾನವಾಗಿ ಓದಲು ಹನ್ನೆರಡು ಸೆಕೆಂಡು ತೆಗೆದುಕೊಂಡ. ಎರಡು ಸಲ ಓದುವಷ್ಟು ಹೊತ್ತು ಪ್ರತಿ ಸೂಚನೆ ನಿಲ್ಲಬೇಕು ಎಂದರೆ 25 ಸೆಕೆಂಡು. ಆರು ಸೂಚನೆ, ಎರಡು ಭಾಷೆ ಎಂದರೆ ಒಂದು ಸುತ್ತಿಗೆ 300 ಸೆಕೆಂಡು, ಅಂದರೆ ಐದು ನಿಮಿಷ. ತನಗೆ ಬೇಕಾದದ್ದು ಈಗಷ್ಟೇ ಹೋಯಿತು ಎಂದಾದರೆ ಮತ್ತೆ ಐದು ನಿಮಿಷ ಕಾಯಬೇಕು. ಯಾರೂ ಕಾಯುವುದಿಲ್ಲ. ನಾಲ್ಕೇ ಸೂಚನೆಗೆ ಇಳಿಸಿದರೆ ಸುತ್ತು 200 ಸೆಕೆಂಡಿಗೆ ಮುಗಿಯುತ್ತದೆ. ಆದ್ದರಿಂದ ಒಂದು ಸಮಯಕ್ಕೆ ನಾಲ್ಕಕ್ಕಿಂತ ಹೆಚ್ಚು ಸೂಚನೆ ಇಲ್ಲ, ಕೊನೆಯ ದಿನಾಂಕ ಹತ್ತಿರ ಇರುವುದೇ ಮೊದಲು. ಅಡಿಯಲ್ಲಿ ಓಡುವ ಅಕ್ಷರಗಳ ಪಟ್ಟಿಯನ್ನೂ ಬೇಡವೆಂದೆವು. ತಡವರಿಸಿ ಓದುವವರನ್ನು ಕಾಯದೆ ಅದು ಓಡಿಹೋಗುತ್ತದೆ.

ಯಂತ್ರದ ಬಗ್ಗೆ ನಾಲ್ಕು ಮಾತು. ಮನೆಯ ಟಿವಿಯನ್ನು ದಿನಕ್ಕೆ ಕೆಲವು ಗಂಟೆ ನೋಡಲೆಂದು ಮಾಡಿರುತ್ತಾರೆ. ಸಂಸ್ಥೆಗಳಲ್ಲಿ ಬಳಸಿದರೆ ಹೆಚ್ಚಿನ ಮನೆ ಟಿವಿಗಳ ವಾರಂಟಿ ಅನ್ವಯಿಸುವುದಿಲ್ಲ. ದಿನಕ್ಕೆ 16 ಗಂಟೆ ಅಥವಾ ಇಡೀ ದಿನ ಓಡಲೆಂದೇ ಮಾಡಿದ ಪರದೆಗಳು ಬೇರೆ ಇವೆ, ಬೆಲೆ ಹೆಚ್ಚು. ಬೆಳಕನ್ನು ‘ನಿಟ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಿಸಿಲಿಗೆ ಮುಖ ಮಾಡಿದ ಪರದೆಗೆ 2500 ನಿಟ್ ಮತ್ತು ಅದಕ್ಕಿಂತ ಹೆಚ್ಚು ಬೇಕು, ಅದಕ್ಕೆ ತಕ್ಕ ಬೆಲೆಯೂ ವಿದ್ಯುತ್ತೂ ಬೇಕು. ಕಿಟಕಿಯ ಬೆಳಕು ನೇರವಾಗಿ ಬೀಳದ ಒಳಗಿನ ಗೋಡೆ ನಮಗೆ ಸಿಕ್ಕಿರುವುದರಿಂದ ಅಂಥದ್ದು ಬೇಕಿಲ್ಲ. 100 ವಾಟಿನ ಪರದೆ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಕೊಳ್ಳುವಾಗ ಬೆಲೆಯ ಪಕ್ಕದಲ್ಲಿ ಆ ಲೆಕ್ಕವನ್ನೂ ಬರೆಸಿಕೊಳ್ಳುತ್ತೇವೆ. ಇಂಟರ್ನೆಟ್ ನಿಂತರೂ ಸೂಚನೆ ನಿಲ್ಲಬಾರದು, ಕರೆಂಟು ಹೋಗಿ ಬಂದಾಗ ಯಾರೂ ಮುಟ್ಟದೆ ತಾನಾಗಿಯೇ ಶುರುವಾಗಬೇಕು ಎಂಬುದು ನಮ್ಮ ಷರತ್ತು. ಹಳೆಯ ನೋಟಿಸ್ ಬೋರ್ಡನ್ನು ಸ್ವಚ್ಛ ಮಾಡಿ ಬೆಂಚಿನ ಎದುರಿಗೇ ತರುತ್ತೇವೆ. ಕರೆಂಟು ಇಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಅದೇ.

ಪರದೆ ತಂದರೆ ಸಾಲದು, ಅದನ್ನು ನೋಡಿಕೊಳ್ಳುವವರು ಬೇಕು. ಮಸೀದಿಗಳಲ್ಲಿ ನಮಾಜ್ ಸಮಯ ತೋರಿಸುವ ಡಿಜಿಟಲ್ ಗಡಿಯಾರಗಳನ್ನು ನೋಡಿದ್ದೀರಿ. ಅದರಲ್ಲಿ ಜಮಾಅತಿನ ಸಮಯ ಬದಲಾಯಿಸಲು ಮರೆತರೆ ಎರಡು ದಿನದಲ್ಲಿ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ. ಮುಗಿದುಹೋದ ದಿನಾಂಕವನ್ನು ತೋರಿಸುವ ಫಲಕ ಏನೂ ಇಲ್ಲದ ಗೋಡೆಗಿಂತ ಕೆಟ್ಟದ್ದು. ಆದ್ದರಿಂದ ಪ್ರತಿ ಸೂಚನೆಗೂ ಆರಂಭದ ದಿನ, ಮುಗಿಯುವ ದಿನ ಎರಡನ್ನೂ ಮೊದಲೇ ನಮೂದಿಸಬೇಕು. ಆ ದಿನ ದಾಟಿದ ಕೂಡಲೇ ಅದು ತಾನಾಗಿ ಇಳಿಯಬೇಕು. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಮೂಲ ಆದೇಶವನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಿ ಒಪ್ಪಿದ ಮೇಲೆಯೇ ಪರದೆಗೆ ಹೋಗಬೇಕು. ಪೋರ್ಟಲಿನ ವಿಳಾಸದ ಕ್ಯೂಆರ್ ಸಂಕೇತವನ್ನು ಪರದೆಯಲ್ಲಿ ತೋರಿಸುವುದಿಲ್ಲ. ಫೋನು ತೆಗೆಯುವಷ್ಟರಲ್ಲಿ ಸೂಚನೆ ಬದಲಾಗಿರುತ್ತದೆ. ಅದು ಕರಪತ್ರದಲ್ಲಿ ಅಚ್ಚಾಗಿ ಮನೆಗೆ ಹೋಗುತ್ತದೆ.

ಈಗ ನಿಮ್ಮ ಒಪ್ಪಿಗೆ ಬೇಕಾದ ವಿಷಯಕ್ಕೆ ಬರುತ್ತೇವೆ. ವಿದ್ಯಾರ್ಥಿವೇತನ ಪಡೆದ ಮಕ್ಕಳ ಹೆಸರು, ಫೋಟೋ, ಮೊತ್ತವನ್ನು ಈ ಪರದೆಯಲ್ಲಿ ತೋರಿಸಬೇಕೆಂದು ಕೆಲವು ದಾನಿಗಳು ಪ್ರೀತಿಯಿಂದಲೇ ಕೇಳಿದ್ದಾರೆ. ಅವರ ಮಾತಿನಲ್ಲಿ ಕಾರಣವಿದೆ. ನೋಡಿದವರಿಗೆ ಕೊಡಬೇಕೆನಿಸುತ್ತದೆ, ಕೊಟ್ಟವರಿಗೆ ಹಣ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ, ಮಕ್ಕಳಿಗೂ ಪ್ರೋತ್ಸಾಹ. ಸಮಿತಿಯಲ್ಲಿ ಇದರ ಮೇಲೆ ಮೂರು ಸಭೆ ನಡೆಯಿತು. ಕೊನೆಗೆ ನಮ್ಮ ಶಿಫಾರಸು: ತೋರಿಸಬಾರದು.

ಕಾನೂನು ಒಂದು ಕಾರಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳು ಎಂದೇ ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ತಂದೆ ತಾಯಿಯ ಅಥವಾ ಪೋಷಕರ ದೃಢಪಡಿಸಬಹುದಾದ ಒಪ್ಪಿಗೆ ಬೇಕು ಎನ್ನುತ್ತದೆ. ‘ಅರ್ಜಿಯಲ್ಲೇ ಒಂದು ಸಹಿ ಹಾಕಿಸಿಕೊಂಡರೆ ಆಯಿತಲ್ಲ’ ಎನ್ನಬಹುದು. ಆದರೆ ಹಣ ಕೊಡುವವರ ಮುಂದೆ ನಿಂತು ಫೀಸಿನ ಚಿಂತೆಯಲ್ಲಿರುವ ತಂದೆ ‘ಬೇಡ’ ಎನ್ನುತ್ತಾನೆಯೇ? ಆ ಸಹಿ ಕಾಗದದ ಮೇಲೆ ಒಪ್ಪಿಗೆ, ಮನಸ್ಸಿನಲ್ಲಿ ಅಲ್ಲ.

ಕಾನೂನಿಗಿಂತ ನಮಗೆ ದೊಡ್ಡದಾಗಿ ಕಂಡದ್ದು ಬೇರೆ. ಚಾರ್ಟ್ ಓದಿಸುತ್ತಿದ್ದ ದಿನಗಳಲ್ಲಿ ಬೆಂಚಿನಲ್ಲಿದ್ದ ತಾಯಂದಿರನ್ನು ಈ ವಿಷಯವಾಗಿಯೂ ಕೇಳಿದ್ದೆವು. ಅವರಲ್ಲೊಬ್ಬರು ಹೇಳಿದ್ದು ಇಷ್ಟೇ: ‘ಹೆಸರು ಟಿವಿಯಲ್ಲಿ ಬರುತ್ತೆ ಅಂದ್ರೆ ನಾವು ಅರ್ಜಿನೇ ಹಾಕಲ್ಲ. ಅವಳ ಜೊತೆ ಓದೋ ಹುಡುಗಿಯರೂ ಇಲ್ಲಿಗೆ ಬರ್ತಾರೆ.’ ಅಷ್ಟು ಹೇಳಿ ಅವರು ಸುಮ್ಮನಾದರು. ಒಂಬತ್ತನೇ ತರಗತಿಯ ಹುಡುಗಿಗೆ ತರಗತಿಯಲ್ಲಿ ತನ್ನದೇ ಒಂದು ಸ್ಥಾನವಿರುತ್ತದೆ. ಚೆನ್ನಾಗಿ ಲೆಕ್ಕ ಮಾಡುವವಳು, ಚೆನ್ನಾಗಿ ಮಾತನಾಡುವವಳು ಎಂದು. ಪರದೆಯಲ್ಲಿ ಮೂರೂವರೆ ನಿಮಿಷಕ್ಕೊಮ್ಮೆ ಅವಳ ಮುಖ ಬಂದು ಹೋದರೆ ಮಾರನೆಯ ದಿನದಿಂದ ಅವಳು ‘ಟ್ರಸ್ಟಿನ ದುಡ್ಡಿನಲ್ಲಿ ಓದುವವಳು’. ನಾವೆಲ್ಲ ಮೂವತ್ತು ಮೂವತ್ತೈದು ವರ್ಷ ತರಗತಿಯಲ್ಲಿ ನಿಂತವರು. ಉಚಿತ ಪುಸ್ತಕ ಪಡೆಯುವವರು ಎದ್ದು ನಿಲ್ಲಿ ಎಂದಾಗ ಎದ್ದು ನಿಲ್ಲದೆ ಪುಸ್ತಕವನ್ನೇ ಬಿಟ್ಟುಕೊಟ್ಟ ಮಕ್ಕಳನ್ನು ಪ್ರತಿಯೊಬ್ಬ ಶಿಕ್ಷಕರೂ ನೋಡಿರುತ್ತಾರೆ. ಅರ್ಜಿ ಹಾಕುವವರ ಸಂಖ್ಯೆ ಹೆಚ್ಚಲಿ ಎಂದು ಹಾಕಿದ ಫಲಕವೇ ಅರ್ಜಿ ಹಾಕದಂತೆ ತಡೆದರೆ, ಮೇಲೆ ಹೇಳಿದ ಅಂಗುಲ, ಬಣ್ಣ, ಸೆಕೆಂಡಿನ ಲೆಕ್ಕಗಳೆಲ್ಲ ವ್ಯರ್ಥ.

ಹಾಗಾದರೆ ದಾನಿಗಳಿಗೆ ಲೆಕ್ಕ ಸಿಗುವುದು ಹೇಗೆ? ಯಾವ ತರಗತಿಯ ಎಷ್ಟು ಮಕ್ಕಳಿಗೆ, ಒಟ್ಟು ಎಷ್ಟು ಹಣ ಎಂಬ ವಿವರ ಪ್ರತಿ ವರ್ಷದಂತೆ ಈ ವರದಿಯಲ್ಲಿ ಲೆಕ್ಕಪರಿಶೋಧಕರ ಸಹಿಯೊಂದಿಗೆ ಇರುತ್ತದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವುದರಿಂದ ದಾಖಲೆಯೂ ಇರುತ್ತದೆ. ಅರ್ಜಿಯ ಫಲಿತಾಂಶ ಆಯಾ ಮನೆಯ ಫೋನಿಗೆ ಹೋಗುತ್ತದೆ. ಪರದೆಯಲ್ಲಿ ‘ಆಯ್ಕೆ ಪಟ್ಟಿ ಸಿದ್ಧವಾಗಿದೆ, ನಿಮ್ಮ ಅರ್ಜಿ ಸಂಖ್ಯೆಯೊಂದಿಗೆ ಮೇಜಿನ ಬಳಿ ವಿಚಾರಿಸಿ’ ಎಂದಷ್ಟೇ ಬರುತ್ತದೆ. ದಾನಿಗಳ ಹೆಸರನ್ನೂ ಈ ಪರದೆಯಲ್ಲಿ ಹಾಕುವುದಿಲ್ಲ, ದೇಣಿಗೆಯನ್ನೂ ಕೇಳುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಕೇಳಿಯೇ ಬೆಳೆದ ನಮ್ಮ ದಾನಿಗಳು ಇದಕ್ಕೆ ಬೇಸರಪಡುವುದಿಲ್ಲ ಎಂಬ ಭರವಸೆ ನಮಗಿದೆ.

ಹಣದ ಬಗ್ಗೆ ಒಂದು ಸ್ಪಷ್ಟನೆ. ಪರದೆ, ವೈರಿಂಗ್, ನಿರ್ವಹಣೆ ಯಾವುದಕ್ಕೂ ಝಕಾತ್ ನಿಧಿಯಿಂದ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಅದು ಅರ್ಹರ ಕೈಗೇ ಸೇರಬೇಕಾದ ಹಣ. ವಿದ್ಯಾರ್ಥಿವೇತನದ ನಿಧಿಯಿಂದಲೂ ತೆಗೆಯುವುದಿಲ್ಲ. ಕಚೇರಿ ವೆಚ್ಚಕ್ಕೆಂದೇ ಕೊಟ್ಟ ದೇಣಿಗೆಯಿಂದ ಮಾತ್ರ, ಮೂರು ಕಡೆಯಿಂದ ದರಪಟ್ಟಿ ತರಿಸಿ, ಟ್ರಸ್ಟಿಗಳ ಸಭೆಯಲ್ಲಿ ಇಟ್ಟು ಕೊಳ್ಳುತ್ತೇವೆ.

ಕೊನೆಯದಾಗಿ ವಿದ್ಯಾರ್ಥಿವೇತನದ ಕುಟುಂಬಗಳಿಗೆ ಎರಡು ವಿನಂತಿ. ಕಚೇರಿಯ ಒಳಗಿನ ಗೋಡೆಯ ಮೇಲೆ ಆ ಹಸಿರು ಚಾರ್ಟ್ ಇನ್ನೂ ಇದೆ. ಇವತ್ತು ಹೋಗುವ ಮೊದಲು ಬೆಂಚಿನಲ್ಲಿ ಕೂತು ಒಮ್ಮೆ ಓದಿ. ಅಜ್ಜಿಯನ್ನೂ ಓದಿಸಿ, ಸಣ್ಣ ಮಗುವನ್ನೂ ಓದಿಸಿ. ಯಾವ ಸಾಲು ಅರ್ಥವಾಗಲಿಲ್ಲ, ಯಾವ ಅಕ್ಷರ ಕಾಣಲಿಲ್ಲ ಎಂಬುದನ್ನು ಮೇಜಿನ ಮೇಲಿನ ಪುಸ್ತಕದಲ್ಲಿ ಬರೆಯಿರಿ ಅಥವಾ ಬರೆಯಿಸಿ. ಎರಡನೆಯದು, ಫಲಕ ಬರುವ ತನಕ ಕಾಯಬೇಡಿ. ಈ ವರದಿಯ ಹಿಂಬದಿಯಲ್ಲಿರುವ ಪ್ರಕಟಣೆಯ ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿಕೊಳ್ಳಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಸರ್ಕಾರದ ವಿದ್ಯಾರ್ಥಿವೇತನದ ಹಣ ಬರುವುದು ಆ ದಾರಿಯಲ್ಲಿ.

ಸಭೆಯ ಮುಂದೆ ಇರುವ ಪ್ರಶ್ನೆ ಒಂದೇ: ಮಕ್ಕಳ ಹೆಸರೂ ಚಿತ್ರವೂ ಪರದೆಗೆ ಬಾರದಿರಲಿ ಎಂಬ ಶಿಫಾರಸಿಗೆ ನಿಮ್ಮ ಒಪ್ಪಿಗೆ ಇದೆಯೇ? ಚರ್ಚೆಗೆ ಸಮಯವಿದೆ, ಭಿನ್ನ ಅಭಿಪ್ರಾಯ ಇರುವವರು ಸಂಕೋಚವಿಲ್ಲದೆ ಹೇಳಬೇಕು. ಒಪ್ಪಿಗೆ ಸಿಕ್ಕರೆ, ಇನ್‌ಶಾ ಅಲ್ಲಾಹ್, ಮುಂದಿನ ತಿಂಗಳು ದರಪಟ್ಟಿ ಕರೆಯುತ್ತೇವೆ.